ಅಪ್ಪನಿಗೆ ಕೊಟ್ಟ ಉತ್ತರವೇ ಮುಳುವಾದಾಗ

ದುರಂತ ಕೃತಿಯೊಂದನ್ನು ಓದಿದವರನ್ನು ‘ನಾಯಕ ಹಾಳಾದದ್ದು ಯಾಕೆ?’ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ ಪದದಲ್ಲಿ ಬರುತ್ತದೆ: ಅಹಂಕಾರ, ಅನುಮಾನ, ಅತಿಯಾಸೆ, ವಿಳಂಬ. ಉತ್ತರ ತಪ್ಪೇನಲ್ಲ. ಆದರೆ ಅದನ್ನು ಹೇಳಿದ ಮೇಲೂ ಕೃತಿಯ ಬಾಗಿಲು ಮುಚ್ಚಿಯೇ ಇರುತ್ತದೆ. ಅಹಂಕಾರಿಗಳು ಊರು ತುಂಬ ಇದ್ದಾರೆ, ಅವರೆಲ್ಲ ದುರಂತ ನಾಯಕರಾಗುವುದಿಲ್ಲ. ಈ ಮನುಷ್ಯನಿಗೆ ಈ ದೋಷವೇ ಯಾಕೆ ಅಂಟಿತು ಎಂದು ಬೆನ್ನು ಹತ್ತಿ ಹೋದರೆ ಎಷ್ಟೋ ಕೃತಿಗಳಲ್ಲಿ ಕೊನೆಗೆ ಸಿಗುವವನು ಅವನ ಅಪ್ಪ. ದೋಷ ಎಂದು ನಾವು ಗುರುತು ಹಾಕುವುದು ಬಹಳ ಸಲ ಮಗ ತನ್ನ ಅಪ್ಪನಿಗೆ ಜೀವಮಾನವಿಡೀ ಕೊಡುತ್ತ ಬಂದ ಉತ್ತರವೇ ಆಗಿರುತ್ತದೆ.

ಮೊದಲು ‘ದೋಷ’ ಎಂಬ ಮಾತನ್ನು ತಿಳಿಯಾಗಿಸಿಕೊಳ್ಳಬೇಕು. ಅರಿಸ್ಟಾಟಲ್ ಕ್ರಿ.ಪೂ. 4ನೆಯ ಶತಮಾನದ ತನ್ನ ಕಾವ್ಯಮೀಮಾಂಸೆಯ (‘ಪೊಯೆಟಿಕ್ಸ್’) 13ನೆಯ ಅಧ್ಯಾಯದಲ್ಲಿ ಬಳಸಿದ ಪದ ಹಮಾರ್ತಿಯ. ಎಸೆದದ್ದು ಗುರಿ ತಪ್ಪುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅತಿ ಸದ್ಗುಣಿಯೂ ಅಲ್ಲದ, ದುಷ್ಟನೂ ಅಲ್ಲದ ಒಬ್ಬ ಇಂಥ ತಪ್ಪಿನಿಂದ ಬೀಳಬೇಕು ಎಂಬುದು ಅವನ ವಾದ. ಅಂದರೆ ಅದು ಒಂದು ಕೆಲಸ, ಒಂದು ನಿರ್ಧಾರ. ಅದನ್ನು ಸ್ವಭಾವದ ಕಲೆ ಎಂದು ಓದುವ ರೂಢಿ ಬೆಳೆದದ್ದು ಆಮೇಲೆ. ಎರಡೂ ಅರ್ಥಗಳು ಬೇಕು, ಆದರೆ ಕಲಸಬಾರದು. ಸ್ವಭಾವ ಎಲ್ಲಿಂದ ಬಂತು ಎಂಬುದಕ್ಕೆ ಅಪ್ಪನ ಕಡೆ ನೋಡಬೇಕು. ಗುರಿ ಯಾವ ಗಳಿಗೆಯಲ್ಲಿ ತಪ್ಪಿತು ಎಂಬುದಕ್ಕೆ ದೃಶ್ಯದ ಒಳಗೆ ನೋಡಬೇಕು.

ಈ ನಂಟು ಅತ್ಯಂತ ನಿಚ್ಚಳವಾಗಿ ಕಾಣುವುದು ನೈಜೀರಿಯಾದ ಚಿನುವ ಅಚೆಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನಲ್ಲಿ. ನಾಯಕ ಒಕೊಂಕ್ವೊನ ಅಪ್ಪ ಉನೊಕ ಸಾಲಗಾರ, ಕೆಲಸಗಳ್ಳ, ಕೊಳಲೂದುವ ಸುಖಿ. ಮಗ ಒಂದು ತೀರ್ಮಾನಕ್ಕೆ ಬರುತ್ತಾನೆ: ಅಪ್ಪನಿಗೆ ಇಷ್ಟವಾದದ್ದೆಲ್ಲ ತನಗೆ ಆಗದು. ಅಪ್ಪನ ಸೋಮಾರಿತನದ ಜೊತೆಗೆ ಅವನ ಮೃದುತನವೂ ಆ ಪಟ್ಟಿಗೆ ಸೇರಿಹೋಗುತ್ತದೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ಅವನ ಮೂಲ ತಪ್ಪು. ಅದೇ ಗಂಟು ಅವನನ್ನು ಮೇಲಕ್ಕೂ ಎತ್ತುತ್ತದೆ. ಅಪ್ಪನಿಂದ ಒಂದು ಗೆಡ್ಡೆಯೂ ಬಾರದ ಹುಡುಗ ಊರಿನ ಸಿರಿವಂತನೊಬ್ಬನಿಂದ 800 ಬಿತ್ತನೆ ಗೆಣಸು ಪಡೆದು ನೆಡುತ್ತಾನೆ. ಮಳೆ ಕೈಕೊಟ್ಟ ವರ್ಷವನ್ನೂ ಹಲ್ಲು ಕಚ್ಚಿ ದಾಟುತ್ತಾನೆ. ಆ ಹಟವಿಲ್ಲದೆ ಅವನಿಲ್ಲ. ಮುಂದೆ, ಬೇರೆ ಊರಿನವರು ಒತ್ತೆಯಾಗಿ ಒಪ್ಪಿಸಿದ್ದ, ಮೂರು ವರ್ಷ ಅವನ ಮನೆಯಲ್ಲೇ ಬೆಳೆದ ಹುಡುಗ ಇಕೆಮೆಫುನನನ್ನು ಕೊಲ್ಲಬೇಕೆಂದು ದೈವದ ಅಪ್ಪಣೆಯಾದಾಗ ಹಿರಿಯನೊಬ್ಬ ಬಂದು, ಆ ಹುಡುಗ ನಿನ್ನನ್ನು ಅಪ್ಪ ಎನ್ನುತ್ತಾನೆ, ಇದರಲ್ಲಿ ನೀನು ಕೈಹಾಕಬೇಡ ಎನ್ನುತ್ತಾನೆ. ಹೋಗದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಹೋಗುತ್ತಾನೆ. ಏಟು ತಿಂದ ಹುಡುಗ ‘ಅಪ್ಪಾ’ ಎಂದು ಅವನತ್ತಲೇ ಓಡಿಬಂದಾಗ ಕತ್ತಿ ಹಿರಿದು ಕಡಿಯುತ್ತಾನೆ. ತನ್ನನ್ನು ಎಲ್ಲಿ ಅಳ್ಳೆದೆಯವನು ಅಂದುಕೊಂಡಾರೋ ಎಂಬ ಭಯ. ಎಂದೋ ಸತ್ತ ಉನೊಕನಿಗೆ ಕೊಟ್ಟ ಉತ್ತರ ಅದು, ಬಿದ್ದದ್ದು ಮಗನ ಹಾಗಿದ್ದ ಹುಡುಗನ ಮೇಲೆ.

ಕಾದಂಬರಿಯ ಎರಡು ತುದಿಗಳನ್ನು ಜೋಡಿಸಿ ನೋಡಿ. ಮೈ ಬಾತುಹೋಗುವ ಕಾಯಿಲೆ ಬಂದ ಉನೊಕನನ್ನು ಸಾಯಲೆಂದು ಕಾಡಿನಲ್ಲಿ ಬಿಡುತ್ತಾರೆ, ಅವನಿಗೆ ಗೋರಿ ಸಿಗುವುದಿಲ್ಲ. ನೇಣು ಹಾಕಿಕೊಂಡ ಒಕೊಂಕ್ವೊನ ಹೆಣವನ್ನೂ ಅವನ ಕುಲದವರು ಮುಟ್ಟುವಂತಿಲ್ಲ. ಅಪ್ಪನಂತಾಗಬಾರದು ಎಂದೇ ಬದುಕಿದವನು ಸಾವಿನಲ್ಲಿ ಅಪ್ಪನ ಪಕ್ಕಕ್ಕೇ ಬಂದು ನಿಲ್ಲುತ್ತಾನೆ. ಕಾಡಿಗೆ ಹೊತ್ತೊಯ್ಯುವಾಗ ಉನೊಕ ತನ್ನ ಕೊಳಲನ್ನಾದರೂ ಜೊತೆಗೆ ಒಯ್ದಿದ್ದ, ಮಗನ ಕೈಯಲ್ಲಿ ಅದೂ ಇಲ್ಲ.

ಗ್ರೀಕ್ ನಾಟಕಕಾರ ಸೋಫೊಕ್ಲೀಸ್‌ನ ಈಡಿಪಸ್‌ನಿಗೆ ಅಪ್ಪಂದಿರು ಇಬ್ಬರು. ಹೆತ್ತ ಲೇಯಸ್ ಭವಿಷ್ಯವಾಣಿಗೆ ಹೆದರಿ ಕೂಸಿನ ಕಾಲು ಬಿಗಿಸಿ ಬೆಟ್ಟದಲ್ಲಿ ಬಿಡಿಸಿದವನು, ಸಾಕಿದ ಪಾಲಿಬಸ್ ಕಾರಿಂಥದ ರಾಜ. ಅಪ್ಪನನ್ನು ಕೊಲ್ಲುವೆ ಎಂಬ ನುಡಿ ಕೇಳಿದ ಈಡಿಪಸ್ ಕಾರಿಂಥವನ್ನೇ ಬಿಡುತ್ತಾನೆ. ಇದು ಒಳ್ಳೆಯ ಮಗನ ನಡತೆ. ಅದೇ ದಾರಿಯ ಮೂರು ಹಾದಿ ಕೂಡುವಲ್ಲಿ ರಥದ ಮುದುಕ ತಲೆಗೆ ಹೊಡೆದಾಗ ಇವನು ತಿರುಗಿಸಿ ಹೊಡೆದು ಕೊಲ್ಲುತ್ತಾನೆ. ಆ ಮುದುಕನೇ ಲೇಯಸ್. ಸಿಟ್ಟೇ ದೋಷ ಎಂದು ಇಲ್ಲಿಗೆ ಓದು ನಿಲ್ಲಿಸುವವರು ಸೋಫೊಕ್ಲೀಸ್‌ನ ನಾಟಕದ ಹೆಣಿಗೆಯನ್ನು ಕಳೆದುಕೊಳ್ಳುತ್ತಾರೆ, ಏಕೆಂದರೆ ನಾಟಕ ಶುರುವಾಗುವಾಗ ಆ ಕೊಲೆ ಹಳೆಯ ಮಾತು. ರಂಗದ ಮೇಲೆ ನಡೆಯುವುದು ಅದರ ವಿಚಾರಣೆ ಮಾತ್ರ. ಒಗಟು ಬಿಡಿಸಿ ಊರು ಉಳಿಸಿದ ಬುದ್ಧಿಯೇ ಈಗ ತನ್ನ ಹುಟ್ಟನ್ನು ಅಗೆಯುತ್ತದೆ. ಲೇಯಸ್‌ನ ವಿಧವೆ, ಈಗ ಇವನ ಹೆಂಡತಿಯಾದ ಜೊಕಾಸ್ಟ ನಿಲ್ಲಿಸು ಎಂದು ಬೇಡಿಕೊಂಡರೂ ನಿಲ್ಲಿಸುವುದಿಲ್ಲ. ಕಾರಿಂಥದ ದೂತ ಬಂದದ್ದು ಭಯ ಕಳೆಯಲು: ಪಾಲಿಬಸ್ ನಿನ್ನ ಹೆತ್ತ ಅಪ್ಪನೇ ಅಲ್ಲ, ಹೆದರಬೇಡ ಎನ್ನುತ್ತಾನೆ. ಆ ಸಮಾಧಾನದ ಮಾತೇ ಕೊಡಲಿಯಾಗುತ್ತದೆ.

ಅಪ್ಪನ ಕೊಲೆಗೆ ಸೇಡು ತೀರಿಸಬೇಕಾದ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನ ವಿಷಯದಲ್ಲಿ ‘ವಿಳಂಬ’ ಎಂಬ ಸಿದ್ಧ ಉತ್ತರವನ್ನು ಪಕ್ಕಕ್ಕಿಟ್ಟು ಮೂರನೆಯ ಅಂಕದ ಎರಡು ದೃಶ್ಯಗಳನ್ನು ಒಟ್ಟಿಗೆ ಓದಬೇಕು. ಮೂರನೆಯ ದೃಶ್ಯದಲ್ಲಿ ಪ್ರಾರ್ಥನೆಗೆ ಕೂತ ಕೊಲೆಗಾರ ಚಿಕ್ಕಪ್ಪ ಕ್ಲಾಡಿಯಸ್ ಕೈಗೆ ಸಿಕ್ಕರೂ ಹ್ಯಾಮ್ಲೆಟ್ ಕತ್ತಿಯನ್ನು ಒರೆಗೆ ಹಾಕುತ್ತಾನೆ. ಮರುದೃಶ್ಯದಲ್ಲೇ ಪರದೆಯ ಹಿಂದೆ ಯಾರಿದ್ದಾರೆಂದು ನೋಡದೆ ಇರಿದು ಆಸ್ಥಾನದ ಮಂತ್ರಿ ಪೊಲೋನಿಯಸ್‌ನನ್ನು ಕೊಲ್ಲುತ್ತಾನೆ. ತಡ ಮಾಡುವವನಲ್ಲ ಅವನು, ಹೊತ್ತು ತಪ್ಪುವವನು. ಆ ಒಂದು ಇರಿತದಿಂದ ಅಪ್ಪನನ್ನು ಕಳೆದುಕೊಂಡ ಇನ್ನೊಬ್ಬ ಮಗ, ಲೇಯರ್ಟಿಸ್, ಹುಟ್ಟಿಕೊಳ್ಳುತ್ತಾನೆ. ಹ್ಯಾಮ್ಲೆಟ್‌ನ ಅಪ್ಪನ ಕೈಯಲ್ಲಿ ತನ್ನ ಅಪ್ಪನನ್ನು ಕಳೆದುಕೊಂಡ ಫೋರ್ಟಿನ್‌ಬ್ರಾಸ್ ಮೊದಲೇ ಇದ್ದಾನೆ. ಒಂದೇ ಪ್ರಶ್ನೆಗೆ ಮೂವರು ಮಕ್ಕಳ ಮೂರು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ತೂಗುವ ನಾಟಕ ಇದು.

ಕನ್ನಡದ ಓದುಗರಿಗೆ ಕರ್ಣ ಹತ್ತಿರದವನು. ಮಹಾಭಾರತದ ವನಪರ್ವದಲ್ಲಿ ಹೆತ್ತ ಸೂರ್ಯನೇ ಬಂದು, ಇಂದ್ರನಿಗೆ ಕವಚಕುಂಡಲ ಕೊಡಬೇಡ ಎಂದು ಎಚ್ಚರಿಸುತ್ತಾನೆ. ಕರ್ಣ ಕೊಡುತ್ತಾನೆ. ಹುಟ್ಟನ್ನು ಬಯಲಿನಲ್ಲಿ ಹೇಳಿಕೊಳ್ಳಲಾಗದವನಿಗೆ ದಾನಿ ಎಂಬ ಹೆಸರೇ ವಂಶ. ಅದನ್ನು ಬಿಟ್ಟರೆ ಅವನ ಬಳಿ ಉಳಿಯುವುದೇನು? ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ (941) ಜನ್ಮರಹಸ್ಯ ತಿಳಿದ ಮೇಲೂ ಅವನು ನೆನೆಯುವುದು ನೆತ್ತದಾಟದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿಯ ಹಾರ ಹರಿದಾಗ, ಚೆದುರಿದ ಮುತ್ತುಗಳನ್ನು ಆಯಲೇ ಎಂದಷ್ಟೇ ಕೇಳಿದ ಗೆಳೆಯನನ್ನು. ಅಪ್ಪ ಯಾರೆಂಬ ಪ್ರಶ್ನೆಗೆ ಅವನು ಗೆಳೆತನದಿಂದ ಉತ್ತರ ಕೊಟ್ಟ. ಆ ಗೆಳೆಯ ದುರ್ಯೋಧನನ ಕಥೆ ಇದರ ತಿರುವು. ರನ್ನನ ‘ಗದಾಯುದ್ಧ’ದಲ್ಲಿ ಧೃತರಾಷ್ಟ್ರ ರಣರಂಗಕ್ಕೇ ಬಂದು ಸಂಧಿ ಮಾಡಿಕೋ ಎನ್ನುತ್ತಾನೆ. ಮಗನ ಹಟಕ್ಕೆಲ್ಲ ತಲೆದೂಗುತ್ತ ಬಂದ ಅಪ್ಪ ಬೇಡ ಎನ್ನುವ ಹೊತ್ತಿಗೆ, ಬೇಡ ಎಂಬ ಮಾತಿಗೆ ಮಗನ ಕಿವಿಯಲ್ಲಿ ಜಾಗವೇ ಇಲ್ಲ. ‘ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ’ (ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ) ಎನ್ನುವವನಿಗೆ ನೆಲ ಕೊಟ್ಟು ಸಂಧಿ ಮಾಡಿಸುವುದು ಹೇಗೆ?

ನಾಟಕ, ಕಾದಂಬರಿ ಬರೆಯುವವರು ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಅಪ್ಪ ಬೆಲ್ಟು ಹಿಡಿದು ಹೊಡೆಯುವ ಹಿಂದಿನ ಕಥೆಯೊಂದನ್ನು ನಡುವೆ ತುರುಕಿ, ಆದ್ದರಿಂದ ಇವನು ಹೀಗಾದ ಎಂದು ಲೆಕ್ಕ ಚುಕ್ತಾ ಮಾಡಿಬಿಡುತ್ತಾರೆ. ಅಲ್ಲಿಗೆ ನಾಯಕ ರೋಗಿಯಾಗುತ್ತಾನೆ, ಆಯ್ಕೆ ಮಾಡುವ ಮನುಷ್ಯನಾಗಿ ಉಳಿಯುವುದಿಲ್ಲ. ಅಪ್ಪನನ್ನು ಎಷ್ಟು ಕಡಿಮೆ ತೋರಿಸಿದ್ದಾರೆ ನೋಡಿ: ಲೇಯಸ್ ರಂಗಕ್ಕೆ ಬರುವುದೇ ಇಲ್ಲ, ಉನೊಕ ಕಥೆ ತೊಡಗುವ ಮೊದಲೇ ಸತ್ತಿದ್ದಾನೆ, ಹ್ಯಾಮ್ಲೆಟ್‌ನ ಅಪ್ಪನ ಭೂತ ಮಾತಾಡುವುದು ಎರಡೇ ಸಂದರ್ಭಗಳಲ್ಲಿ. ಬರೆಯುವ ಮೊದಲು ಮಗನ ಕಿವಿಯಲ್ಲಿ ಉಳಿದಿರುವ ಅಪ್ಪನ ಒಂದೇ ಒಂದು ವಾಕ್ಯವನ್ನೋ ನಡತೆಯನ್ನೋ ಗುರುತಿಸಿಕೊಳ್ಳಿ. ಅದರಿಂದ ಅವನಿಗೆ ಬಂದ ಶಕ್ತಿ ಯಾವುದು ಎಂದು ಗೆಲುವಿನ ದೃಶ್ಯದಲ್ಲಿ ತೋರಿಸಿ. ಗೆಲುವನ್ನು ಕಾಣದ ಓದುಗ ಸೋಲಿಗೆ ಮರುಗುವುದಿಲ್ಲ. ಆಮೇಲೆ ಅದೇ ಶಕ್ತಿ ಹೊಂದದ ಸಂದರ್ಭಕ್ಕೆ ಅವನನ್ನು ತನ್ನಿ. ಅಲ್ಲಿ ಒಬ್ಬರಾದರೂ ಅವನನ್ನು ತಡೆಯಬೇಕು, ಹಿಂದಿರುಗುವ ದಾರಿ ನಿಜವಾಗಿಯೂ ತೆರೆದಿರಬೇಕು.

ಕೊನೆಯದಾಗಿ, ನಾಯಕನ ಮಕ್ಕಳನ್ನು ಮರೆಯಬೇಡಿ. ಆರ್ಥರ್ ಮಿಲ್ಲರ್‌ನ 1949ರ ‘ಡೆತ್ ಆಫ್ ಎ ಸೇಲ್ಸ್‌ಮನ್’ನಲ್ಲಿ ವಿಲ್ಲಿ ಲೋಮನ್‌ನ ಅಪ್ಪ, ಕೊಳಲು ಮಾಡಿ ಮಾರುತ್ತಿದ್ದವನು, ಮಗನಿಗೆ ನಾಲ್ಕು ತುಂಬುವ ಮೊದಲೇ ಮನೆ ಬಿಟ್ಟು ಹೋದವನು. (ಉನೊಕನ ಕೈಯಲ್ಲೂ ಕೊಳಲು, ಇವನ ಕೈಯಲ್ಲೂ ಕೊಳಲು.) ಒಬ್ಬ ಅಪ್ಪನಿಗೂ ಬೇಡವಾದ ಹುಡುಗ ಜಗತ್ತಿಗೆಲ್ಲ ಬೇಕಾದವನಾಗಲು ಹೊರಡುತ್ತಾನೆ, ಜನಪ್ರಿಯನಾದರೆ ಸಾಕು ಎಂದು ತನ್ನ ಮಕ್ಕಳಿಗೂ ಕಲಿಸುತ್ತಾನೆ. ಅವನ ಗೋರಿಯ ಮುಂದೆ ಇಬ್ಬರು ಗಂಡುಮಕ್ಕಳು ನಿಲ್ಲುತ್ತಾರೆ. ಅಪ್ಪನ ಕನಸು ಒಳ್ಳೆಯದೇ, ನಾನು ಅದನ್ನು ಗೆದ್ದು ತೋರಿಸುತ್ತೇನೆ ಎನ್ನುತ್ತಾನೆ ಹ್ಯಾಪಿ. ಅಪ್ಪನಿಗೆ ತಾನು ಯಾರೆಂಬುದೇ ಗೊತ್ತಿರಲಿಲ್ಲ ಎನ್ನುತ್ತಾನೆ ಬಿಫ್.