ರಾಯರ ಭಾಗಾಕಾರದಲ್ಲಿ ಗಾಳಿ ಇರಲಿಲ್ಲ

ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಯಾವ ದಾರಿ ಹಿಡಿಯಬೇಕು, ಎಷ್ಟು ಇಂಧನ ತುಂಬಬೇಕು ಅಂತ ನೆಲದ ಮೇಲೆ ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಮೊನ್ನೆ ಪಕ್ಕದ ಮನೆಯ ರಾಯರು ಹಿಡಿದುಕೊಂಡರು. “ಸ್ಯಾನ್ ಫ್ರಾನ್ಸಿಸ್ಕೊಯಿಂದ ಬೆಂಗಳೂರಿಗೆ 14 ಸಾವಿರ ಕಿಲೋಮೀಟರ್. ವಿಮಾನ ಗಂಟೆಗೆ 900 ಹೋಗುತ್ತೆ. ಭಾಗಿಸಿದ್ರೆ ಹದಿನೈದೂವರೆ ಗಂಟೆ. ಮಗಳು ಬಂದಾಗ 17 ಗಂಟೆ ಹಿಡೀತು. ಮಿಕ್ಕಿದ್ದು ಎಲ್ಲಿ ಹೋಯ್ತು?”

ದೂರ ಸರಿಯಾಗಿಯೇ ಇತ್ತು. 13,990 ಕಿ.ಮೀ. ಆಸುಪಾಸು. ಆದರೆ ಅದು ಗೋಡೆಯ ಭೂಪಟದಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಹಾಗೆ ಗೆರೆ ಎಳೆದು ಪೆಸಿಫಿಕ್ ದಾಟಿದರೆ 16 ಸಾವಿರ ಮೀರುತ್ತದೆ. ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿಗೆ ಹೊಲಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನೇ ಉತ್ತರಕ್ಕೆ ಜಾರುತ್ತದೆ. ನೇಪಾಳ, ಮಂಗೋಲಿಯಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೂ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಉತ್ತರ ಧ್ರುವವನ್ನೇ ಮುಟ್ಟಿ ಬಂದರೂ ಜಾಸ್ತಿಯಾಗೋದು 400 ಕಿ.ಮೀ.ಗಿಂತ ಕಡಿಮೆ! 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಬೆಂಗಳೂರಿಗೆ ತಂದದ್ದು ಧ್ರುವದ ಮೇಲಿಂದಲೇ.

ರಾಯರು ಎಡವಿದ್ದು ಆ 900ರಲ್ಲಿ. ಅದು ಸುತ್ತಲಿನ ಗಾಳಿಯಲ್ಲಿ ವಿಮಾನದ ವೇಗ. ಗಾಳಿಯೇ ಹರಿಯುತ್ತಿದ್ದರೆ? ಹೊಳೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಹೊಳೆಯೇ ಇದೆ. ಚಳಿಗಾಲದಲ್ಲಿ ಜಪಾನ್ ಮೇಲೆ ಅದು ಗಂಟೆಗೆ 200 ಕಿ.ಮೀ. ಮೀರುವುದು ಮಾಮೂಲಿ. ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ 900ಕ್ಕಿಂತ ಇಳಿಯುತ್ತದೆ, ಬೆನ್ನ ಹಿಂದಿದ್ದರೆ ಏರುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ದೆಹಲಿಯದ್ದು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಕಡೆಯಿಂದ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಗಿ 15,300ಕ್ಕೆ ಮುಟ್ಟಿತು. ಹಿಡಿದ ಸಮಯ ಹದಿನಾಲ್ಕೂವರೆ ಗಂಟೆ. ಅಂದರೆ ಮೊದಲಿಗಿಂತ ಸುಮಾರು ಎರಡು ಗಂಟೆ ಕಡಿಮೆ! ನೀವೇ ಭಾಗಿಸಿ ನೋಡಿ, ಗಂಟೆಗೆ 1,055 ಕಿ.ಮೀ. ಬರುತ್ತದೆ. ಎಂಜಿನ್ ಕೊಟ್ಟದ್ದು 900. ಉಳಿದದ್ದು ಬೆನ್ನ ಹಿಂದಿನ ಗಾಳಿಯ ದಾನ.

ಅದಕ್ಕೇ ನಾವು ಗ್ಲೋಬಿನ ದಾರ ನೋಡಿ ದಾರಿ ಕೊಡುವುದಿಲ್ಲ. ಆ ದಿನದ ಗಾಳಿಯ ನಕ್ಷೆ ಹಾಕಿ, ನಾಲ್ಕಾರು ದಾರಿ ತೂಗಿ, ಬೇಗ ಮುಟ್ಟುವುದನ್ನು ಆರಿಸುತ್ತೇವೆ. ಜೊತೆಗೆ ಮುಚ್ಚಿದ ಆಕಾಶಗಳಿವೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಮೇಲೆ ದಾರಿಯಿಲ್ಲ. ತೊಂದರೆಯಾದರೆ ಇಳಿಯಲು ನಡುವೆ ಏರ್‌ಪೋರ್ಟ್ ಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಹೊರಟ ಏರ್ ಇಂಡಿಯಾ ವಿಮಾನಕ್ಕೆ ಎಂಜಿನ್ ತೊಂದರೆ ಬಂದಾಗ ಆಸರೆಯಾದದ್ದು ರಷ್ಯಾದ ಮಗದಾನ್.

ಇನ್ನೊಂದು ಸಣ್ಣ ವಿಷಯ. ಟಿಕೆಟ್‌ನಲ್ಲಿರುವುದು ಬರೀ ಹಾರುವ ಸಮಯವಲ್ಲ. ಗೇಟಿನಿಂದ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇ ಸರದಿಗೆ ಕಾದ ಅರ್ಧ ಗಂಟೆಯೂ ಅದರೊಳಗೇ.

“ಹಾಗಾದ್ರೆ ಮಗಳು ಮುಂದಿನ ಸಲ ಬಂದಾಗ ಕರ್ಕೊಂಡು ಬರೋಕೆ ನಾನು ಮನೆ ಬಿಡೋದು ಎಷ್ಟೊತ್ತಿಗೆ?” ಅಂದರು ರಾಯರು. ಟ್ರ್ಯಾಕಿಂಗ್ ಆ್ಯಪ್ ತೆಗೆದು ಗ್ರೌಂಡ್ ಸ್ಪೀಡ್, ಅಂದರೆ ನೆಲದ ಲೆಕ್ಕದ ವೇಗ, ತೋರಿಸಿಕೊಟ್ಟೆ. 850 ಇದ್ದರೆ ಇನ್ನೊಂದು ಲೋಟ ಕಾಫಿ ಕುಡೀಬಹುದು. ಸಾವಿರ ದಾಟಿದ್ದರೆ ಚಪ್ಪಲಿ ಹಾಕ್ಕೊಳ್ಳಿ ಅಂದೆ.