ಬರೆದದ್ದೊಂದು, ಓದುವುದು ಇನ್ನೊಂದು

ಹೀಬ್ರೂ ಬೈಬಲ್‌ನ ನ್ಯಾಯಸ್ಥಾಪಕರು ಪುಸ್ತಕದ 18ನೇ ಅಧ್ಯಾಯದ 30ನೇ ವಚನದಲ್ಲಿ ಒಂದು ಅಕ್ಷರ ಸಾಲಿನೊಳಗೆ ಕೂತಿಲ್ಲ, ಸಾಲಿನ ಮೇಲೆ ತೂಗಾಡುತ್ತಿದೆ. ದಾನ್ ಕುಲದವರು ವಿಗ್ರಹವೊಂದನ್ನು ನಿಲ್ಲಿಸಿ ಅದಕ್ಕೊಬ್ಬ ಪೂಜಾರಿಯನ್ನು ಇಟ್ಟುಕೊಂಡ ಪ್ರಸಂಗ ಅದು. ಪೂಜಾರಿಯ ಹೆಸರು ಯೋನಾತಾನ, ಅವನು ಗೇರ್ಷೋಮನ ಮಗ. ಗೇರ್ಷೋಮ ಯಾರ ಮಗ? ಸಾಲಿನಲ್ಲಿರುವ ಮೂರು ಅಕ್ಷರಗಳನ್ನಷ್ಟೇ ಓದಿದರೆ ಮೋಶೆಯ ಮಗ. ತೂಗಾಡುತ್ತಿರುವ ‘ನೂನ್’ (ನಕಾರ) ಅಕ್ಷರವನ್ನು ಸೇರಿಸಿ ಓದಿದರೆ ಮನಸ್ಸೆ ಎಂಬ ಬೇರೊಬ್ಬನ ಮಗ. ವಿಗ್ರಹಾರಾಧನೆ ಕೂಡದು ಎಂಬ ಆಜ್ಞೆಯನ್ನು ಬೆಟ್ಟದಿಂದ ಇಳಿಸಿ ತಂದವನ ಮೊಮ್ಮಗನೇ ವಿಗ್ರಹದ ಪೂಜಾರಿ ಎಂದರೆ ಮರ್ಯಾದೆ ಉಳಿಯುವುದು ಹೇಗೆ? ಮೋಶೆಯ ಗೌರವ ಕಾಯುವುದಕ್ಕಾಗಿಯೇ ಆ ನಕಾರ ಬಂತೆಂದು 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಲಿಪಿಕಾರರ ಪ್ರಾಮಾಣಿಕತೆ ನೋಡಿ: ತಿದ್ದಿದರು, ಆದರೆ ತಿದ್ದಿದ್ದು ಕಾಣುವ ಹಾಗೆ ಬಿಟ್ಟರು.

ಧರ್ಮಗ್ರಂಥದ ಪಾಠ, ಅಂದರೆ ಬರೆದಿಟ್ಟ ಮಾತು, ಶುದ್ಧವೋ ಅಲ್ಲವೋ ಎಂಬುದು ಪಂಡಿತರ ಚರ್ಚೆ, ಅದರೊಳಗಿನ ಕ್ರೂರ ಮಾತುಗಳನ್ನು ಏನು ಮಾಡಬೇಕೆಂಬುದು ಭಕ್ತರ ಸಂಕಟ ಎಂದು ಸಾಮಾನ್ಯವಾಗಿ ಬೇರ್ಪಡಿಸಿ ನೋಡುತ್ತಾರೆ. ಬೈಬಲ್‌ನ ಚರಿತ್ರೆಯನ್ನು ಓದುತ್ತ ಹೋದರೆ ಇವೆರಡೂ ಒಂದೇ ಹಗ್ಗದ ಎರಡು ಎಳೆಗಳೆನಿಸುತ್ತದೆ. ಓದುವವನಿಗೆ ಮುಜುಗರವಾದಲ್ಲೆಲ್ಲ ಯಾರದೋ ಕೈ ಪಾಠದ ಮೇಲೆ ಆಡಿದೆ.

ಯೆಹೂದಿ ಸಂಪ್ರದಾಯ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು: ಬರೆದದ್ದು ‘ಕ್ತೀವ್’, ಓದುವುದು ‘ಕ್ರೇ’. ಧರ್ಮೋಪದೇಶಕಾಂಡದ ಶಾಪಗಳ ಪಟ್ಟಿಯಲ್ಲಿ (28:30) ನಿನ್ನ ಹೆಂಡತಿಯಾಗಬೇಕಾದವಳನ್ನು ಬೇರೊಬ್ಬ ಕೆಡಿಸುವನು ಎನ್ನುವ ಕಡೆ ಒಂದು ಒರಟು ಕ್ರಿಯಾಪದವಿದೆ. ಬರಹದಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ. ಸಭೆಯಲ್ಲಿ ಓದುವಾಗ ಮಾತ್ರ ಅದರ ಬದಲು ‘ಕೂಡ ಮಲಗುವನು’ ಎಂದು ಓದಬೇಕು. ಯೋಬನ ಹೆಂಡತಿಯ ಮಾತು ಇನ್ನೂ ಸೊಗಸಾಗಿದೆ. ದೇವರನ್ನು ಶಪಿಸಿ ಸತ್ತುಹೋಗು ಎಂದು ಅವಳು ಗಂಡನಿಗೆ ಹೇಳುತ್ತಾಳೆ. ಹೀಬ್ರೂ ಪಾಠದಲ್ಲಿರುವುದು ಮಾತ್ರ ‘ಸ್ತುತಿಸು’ ಎಂಬ ಪದ. ದೇವರ ಪಕ್ಕದಲ್ಲಿ ‘ಶಪಿಸು’ ಎಂದು ಬರೆಯಲು ಕೈ ಬರಲಿಲ್ಲ.

ಅನುವಾದದಲ್ಲಿ ಇಂಥ ಜಾಣತನಕ್ಕೆ ಎಡೆಯಿಲ್ಲ. ಅಲ್ಲಿ ಒಂದು ಪದವನ್ನು ಆರಿಸಲೇಬೇಕು, ಆರಿಸುವ ಅಧಿಕಾರ ಯಾರದು ಎಂದು ಜಗಳ ಏಳಲೇಬೇಕು. ಹೀಬ್ರೂವಿನಿಂದ ಗ್ರೀಕಿಗೆ ತಂದ 72 ಹಿರಿಯರಿಗೂ ಒಂದೇ ಪದಗಳು ಹೊಳೆದವೆಂಬ ಐತಿಹ್ಯ ಹುಟ್ಟಿಕೊಂಡದ್ದು ಆ ಅನುವಾದಕ್ಕೆ ದೈವದ ಮುದ್ರೆ ಒತ್ತುವುದಕ್ಕೇ. ನಾಲ್ಕನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ವಿದ್ವಾಂಸ ಜೆರೋಮ್ ಆ ಗ್ರೀಕನ್ನು ಬದಿಗಿಟ್ಟು ಹೀಬ್ರೂವಿನಿಂದಲೇ ಲ್ಯಾಟಿನ್‌ಗೆ ಅನುವಾದಿಸತೊಡಗಿದಾಗ ಗಲಾಟೆ ಎದ್ದದ್ದು ಒಂದು ಬಳ್ಳಿಯ ವಿಷಯಕ್ಕೆ. ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡ ಅಲ್ಲಿಯವರೆಗೆ ಸೋರೆಬಳ್ಳಿಯಾಗಿತ್ತು. ಜೆರೋಮ್ ಅದನ್ನು ಐವಿ ಬಳ್ಳಿ ಮಾಡಿದ. ಉತ್ತರ ಆಫ್ರಿಕದ ಓಯಾ ಪಟ್ಟಣದ ಬಿಷಪ್ ಹೊಸ ಪಾಠ ಓದಿಸಿದಾಗ ಜನ ರೊಚ್ಚಿಗೆದ್ದರು. ಬಿಷಪ್ ಊರಿನ ಯೆಹೂದಿಗಳ ಬಳಿಗೆ ಹೋಗಿ ಸಾಕ್ಷ್ಯ ಕೇಳಬೇಕಾಯಿತು. 403ರ ಪತ್ರವೊಂದರಲ್ಲಿ ಇನ್ನೊಬ್ಬ ಬಿಷಪ್ ಅಗಸ್ಟೀನ್ ಇದನ್ನು ಜೆರೋಮನಿಗೇ ಬರೆದು ತಿಳಿಸಿದ್ದಾನೆ. ತಲೆತಲಾಂತರದಿಂದ ಕಿವಿಗೆ ಕೂತದ್ದೇ ಜನರಿಗೆ ಮೂಲ. ಮುಂದೆ ಅದೇ ಜೆರೋಮನ ಲ್ಯಾಟಿನ್ ಬೈಬಲ್ ‘ವಲ್ಗೇಟ್’ ಕಿವಿಗೆ ಕೂತಿತು. 1546ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಅದನ್ನೇ ಅಧಿಕೃತವೆಂದು ಸಾರಿತು.

1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಬೈಬಲ್‌ನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಅವನ ಕೈಯಲ್ಲಿದ್ದ ಹಸ್ತಪ್ರತಿಗೆ ಕೊನೆಯ ಹಾಳೆಯೇ ಇರಲಿಲ್ಲ. ಆ ವಚನಗಳನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಿರುಗಿಸಿ ಸೇರಿಸಿದ. ಇದೇ ವಂಶದ ಪಾಠವನ್ನು 1633ರಲ್ಲಿ ಎಲ್ಸೆವಿಯರ್ ಮುದ್ರಕರು ಮತ್ತೆ ಅಚ್ಚು ಮಾಡಿ, ಇದು ‘ಎಲ್ಲರೂ ಸ್ವೀಕರಿಸಿದ ಪಾಠ’ ಎಂದು ಮುನ್ನುಡಿಯಲ್ಲಿ ಹೊಗಳಿಕೊಂಡರು. ಮಾರಾಟಕ್ಕೆಂದು ಬರೆದ ಆ ಮಾತು ಮುಂದೆ ಸಿದ್ಧಾಂತವೇ ಆಗಿಬಿಟ್ಟಿತು.

ಇಂಗ್ಲಿಷಿನಲ್ಲಿ ಕಿಂಗ್ ಜೇಮ್ಸ್ ಬೈಬಲ್ (1611) ಇಂಥದೇ ಪಟ್ಟಕ್ಕೇರಿತು. ಅದರ ಅನುವಾದಕರು ಅಷ್ಟು ಕೇಳಿರಲಿಲ್ಲ. ಅರ್ಥ ಖಚಿತವಾಗದ ಕಡೆ ಬೇರೆ ಅರ್ಥವನ್ನು ಅಂಚಿನಲ್ಲಿ ಕೊಟ್ಟರು, ಹಾಗೇಕೆ ಕೊಟ್ಟೆವೆಂದು ಮುನ್ನುಡಿಯಲ್ಲಿ ಸಮರ್ಥಿಸಿಕೊಂಡರು. 1631ರ ಒಂದು ಮುದ್ರಣದಲ್ಲಿ ಮುದ್ರಕರು ‘ಕೂಡದು’ ಎಂಬುದನ್ನೇ ಬಿಟ್ಟು ‘ವ್ಯಭಿಚಾರ ಮಾಡಬೇಕು’ ಎಂದು ಅಚ್ಚು ಹಾಕಿ 300 ಪೌಂಡ್ ದಂಡಕ್ಕೆ ಗುರಿಯಾದರು. ಹಳೆಯ ಹಸ್ತಪ್ರತಿಗಳ ಆಧಾರದಲ್ಲಿ 1881ರಲ್ಲಿ ಪರಿಷ್ಕೃತ ಹೊಸ ಒಡಂಬಡಿಕೆ ಬಂದಾಗ ಹುಟ್ಟಿದ ಪ್ರತಿಭಟನೆ 20ನೇ ಶತಮಾನದ ಅಮೆರಿಕದಲ್ಲಿ ‘ಕಿಂಗ್ ಜೇಮ್ಸ್ ಮಾತ್ರ’ ಎಂಬ ಪಕ್ಷವಾಗಿ ಬೆಳೆಯಿತು. ಇಂಗ್ಲಿಷ್ ನೋಡಿಕೊಂಡು ಗ್ರೀಕನ್ನೇ ತಿದ್ದಬೇಕು ಎನ್ನುವವರೂ ಅವರಲ್ಲಿದ್ದಾರೆ. 1952ರ ಅನುವಾದವೊಂದು, ಕ್ರೈಸ್ತರು ಯೇಸುವಿನ ಜನನದ ಭವಿಷ್ಯವಾಣಿಯೆಂದು ಓದುವ ಯೆಶಾಯ 7:14ರ ‘ಕನ್ಯೆ’ಯನ್ನು ‘ಯುವತಿ’ ಎಂದಾಗ ಉತ್ತರ ಕೆರೊಲಿನದ ಪಾದ್ರಿಯೊಬ್ಬರು ಆ ಹಾಳೆಗೆ ಬೆಂಕಿ ಇಟ್ಟರು.

ನನಗೆ ಆ ಬೆಂಕಿಗಿಂತ ಹೆಚ್ಚು ಕಾಡುವುದು ಯಾರೂ ಸುಡದ ಒಂದು ಪದ. ಹೀಬ್ರೂವಿನ ‘ಎವೆದ್’ ಎಂದರೆ ಸೇವಕನೂ ಹೌದು, ಗುಲಾಮನೂ ಹೌದು. ವಿಮೋಚನಕಾಂಡ 21:20–21 ಹೇಳುವುದಿಷ್ಟು: ಯಜಮಾನ ಕೋಲಿನಿಂದ ಹೊಡೆದು ಆಳು ಅಲ್ಲೇ ಸತ್ತರೆ ಶಿಕ್ಷೆ; ಒಂದೆರಡು ದಿನ ಬದುಕಿದ್ದರೆ ಶಿಕ್ಷೆಯಿಲ್ಲ, ಯಾಕೆಂದರೆ ಅವನು ಯಜಮಾನನ ಸೊತ್ತು. ಕಿಂಗ್ ಜೇಮ್ಸ್ ಇಲ್ಲಿ ‘ಸೇವಕ’ ಎನ್ನುತ್ತದೆ. ಆ ಇಡೀ ಬೈಬಲ್‌ನಲ್ಲಿ ‘ಗುಲಾಮ’ ಎಂಬ ಪದ ಬರುವುದು ಎರಡೇ ಸಲ. ನಯವಾದ ಒಂದು ಪದ ಇಡೀ ಕಾನೂನಿನ ಮೇಲೆ ಹೊದಿಕೆ ಹಾಸಿತು. 1807ರಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಲಂಡನ್ನಿನಲ್ಲಿ ಅಚ್ಚಾದ ಆಯ್ದ ಭಾಗಗಳ ಬೈಬಲ್ ಇನ್ನೂ ನೇರವಾಗಿ ಕೆಲಸ ಮುಗಿಸಿತು. ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೊರಟ ಕಥೆ ಅದರಲ್ಲಿಲ್ಲ. ದಾಸರೇ, ಯಜಮಾನರಿಗೆ ವಿಧೇಯರಾಗಿರಿ ಎಂಬ ಮಾತು ಇದೆ.

ಕತ್ತರಿ ಹಿಡಿದವರಲ್ಲಿ ಇದಕ್ಕೆ ತದ್ವಿರುದ್ಧ ಮನಸ್ಸಿನವರೂ ಇದ್ದರು. ಎರಡನೇ ಶತಮಾನದ ಕ್ರೈಸ್ತ ಬೋಧಕ ಮಾರ್ಸಿಯನ್ ಹಳೆಯ ಒಡಂಬಡಿಕೆಯ ದಂಡಿಸುವ ದೇವರು ಯೇಸುವಿನ ತಂದೆಯಾಗಿರಲು ಸಾಧ್ಯವಿಲ್ಲವೆಂದು ಅದನ್ನು ಪೂರ್ತಿ ಕೈಬಿಟ್ಟ. ಚರ್ಚು ಅವನನ್ನೇ ಕೈಬಿಟ್ಟಿತು. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರಕ್ಕೆ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕ್ಷಮಿಸುವ ಕಥೆ ಅತಿ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಇಂದಿನ ಹೆಚ್ಚಿನ ಪಂಡಿತರ ಪಾಲಿಗೆ ಅದು ಆಮೇಲೆ ಸೇರಿದ್ದು. ತಮ್ಮ ಹೆಂಡಂದಿರಿಗೆ ಸಲುಗೆ ಸಿಕ್ಕೀತೆಂದು ಹೆದರಿದ ಗಂಡಸರೇ ಅದನ್ನು ಕಿತ್ತುಹಾಕಿರಬೇಕು ಎನ್ನುವುದು ಅಗಸ್ಟೀನನ ಗುಮಾನಿ. ಪಾಠದ ವಿಚಾರದಲ್ಲಿ ಅವನು ತಪ್ಪಿರಬಹುದು. ಗಂಡಸರ ವಿಚಾರದಲ್ಲಿ ತಪ್ಪಿದಂತೆ ಕಾಣುವುದಿಲ್ಲ.

ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎನ್ನುತ್ತದೆ 137ನೇ ಕೀರ್ತನೆಯ ಕೊನೆಯ ವಚನ. ಅಲ್ಲಿ ಪಾಠಾಂತರದ ಆಸರೆಯಿಲ್ಲ, ನಯವಾದ ಪದದ ಆಸರೆಯೂ ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೊಲಿಕ್ ಚರ್ಚು ತನ್ನ ದಿನನಿತ್ಯದ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿದಾಗ 58, 83 ಮತ್ತು 109ನೇ ಶಾಪಕೀರ್ತನೆಗಳನ್ನು ಇಡಿಯಾಗಿ ಬಿಟ್ಟಿತು, ಈ ವಚನವನ್ನೂ ಬಿಟ್ಟಿತು. ಬೈಬಲ್‌ನಲ್ಲಿ ಅವೆಲ್ಲ ಇದ್ದ ಹಾಗೆಯೇ ಇವೆ. ಪ್ರಾರ್ಥನೆ ಹೇಳುವ ಪಾದ್ರಿ ಏಳನೇ ವಚನಕ್ಕೂ ಮೊದಲೇ ನಿಲ್ಲಿಸಿ ಮುಂದಿನ ಕೀರ್ತನೆಗೆ ಹೋಗುತ್ತಾನೆ.