ಟ್ರಿಕ್ ಆರ್ ಟ್ರೀಟ್: ಬಾಗಿಲು ತಟ್ಟುವ ಮಕ್ಕಳ ಮಾತು

"ಕೆಲಸ ಸಿಕ್ತಲ್ಲ, ಟ್ರೀಟ್ ಯಾವಾಗ?" ಅಂತ ಗೆಳೆಯರನ್ನು ಕಾಡುತ್ತೇವಲ್ಲ, ಇದೂ ಅದೇ ಟ್ರೀಟ್. ಟ್ರಿಕ್ ಅಂದರೆ ಇಲ್ಲಿ ಕೀಟಲೆ. ಅಕ್ಟೋಬರ್ 31, ಹ್ಯಾಲೊವೀನ್ ಹಬ್ಬದ ಸಂಜೆ. ಅಮೆರಿಕ, ಕೆನಡಾದ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ 'ಟ್ರಿಕ್ ಆರ್ ಟ್ರೀಟ್' ಎಂದು ಕೂಗುತ್ತಾರೆ. 'ಏನಾದ್ರೂ ತಿನ್ನೋಕೆ ಕೊಡ್ತೀರೋ, ಕೀಟಲೆ ಮಾಡ್ಲೋ?' ಅಂತ ಅರ್ಥ.

ಈಗ ಅದು ಬಾಯಿಮಾತು. ಎಲ್ಲರೂ ಚಾಕೊಲೇಟ್ ಕೊಟ್ಟೇ ಕೊಡುತ್ತಾರೆ. ಮೊದಲು ಹಾಗಿರಲಿಲ್ಲ. 1927ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಲ್ಯಾಕಿ ಎಂಬ ಸಣ್ಣ ಊರಿನ ಸುದ್ದಿಯೊಂದು ಪತ್ರಿಕೆಯಲ್ಲಿ ಬಂತು. ಮಕ್ಕಳು ಹಿಂಬಾಗಿಲು, ಮುಂಬಾಗಿಲು ಎರಡರಲ್ಲೂ ನಿಂತು 'ಟ್ರಿಕ್ ಆರ್ ಟ್ರೀಟ್' ಎಂದು ತಿಂಡಿ ವಸೂಲಿ ಮಾಡಿದ್ದರು. ಜನರ ಗೇಟು, ಗಾಡಿಚಕ್ರ, ಪೀಪಾಯಿಗಳೆಲ್ಲ ಊರಿನ ಮುಖ್ಯ ಬೀದಿಗೆ ಬಂದು ಬಿದ್ದಿದ್ದವು! ಈ ಮಾತು ಅಚ್ಚಾದ ತೀರಾ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಮಾತು ಹೊಸದು, ಮನೆಮನೆ ಸುತ್ತುವ ಪದ್ಧತಿ ಮಾತ್ರ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ನವೆಂಬರ್ 2ರ ಆಸುಪಾಸು, ಸತ್ತವರನ್ನು ನೆನೆಯುವ ದಿನಗಳಲ್ಲಿ, ಬಡವರು ಮತ್ತು ಮಕ್ಕಳು ಹಾಡುತ್ತಾ ಬರುತ್ತಿದ್ದರು. ಮನೆಯವರು 'ಸೋಲ್ ಕೇಕ್' ಎಂಬ ಪುಟ್ಟ ರೊಟ್ಟಿ ಕೊಡುತ್ತಿದ್ದರು. ತಿಂದವರು ಆ ಮನೆಯ ತೀರಿಹೋದವರಿಗಾಗಿ ಪ್ರಾರ್ಥಿಸಬೇಕು. ಸುಮ್ನೆ ಕೈಚಾಚುವುದಲ್ಲ ಇದು, ಅಲ್ವಾ? ಕೊಟ್ಟು ತೆಗೆದುಕೊಳ್ಳುವುದು.

ನನಗೆ ಜಾಸ್ತಿ ಇಷ್ಟವಾಗುವುದು ಸ್ಕಾಟ್ಲೆಂಡಿನ 'ಗೈಸಿಂಗ್'. ಅಂದರೆ ವೇಷ ಕಟ್ಟುವುದು. ಅಲ್ಲಿ ವೇಷ ಒಂದೇ ಸಾಲದು. ಮಗು ಹೊಸಿಲ ಮುಂದೆ ನಿಂತು ಒಂದು ಹಾಡು ಹೇಳಬೇಕು, ಇಲ್ಲ ಪದ್ಯ, ಕೊನೆಗೆ ಒಂದು ಜೋಕಾದರೂ ಆಗಲಿ. ಆಮೇಲೆಯೇ ಕಡಲೇಕಾಯಿ, ಸೇಬು, ಒಂದಿಷ್ಟು ಚಿಲ್ಲರೆ ಕಾಸು. ಹಿಂದೆ ಕೈಯಲ್ಲಿರುತ್ತಿದ್ದ ದೀಪ ಅಮೆರಿಕದಲ್ಲಿರುವಂತೆ ಕುಂಬಳದ್ದಲ್ಲ, ಟರ್ನಿಪ್ ಗೆಡ್ಡೆಯನ್ನು ಕೊರೆದು ಮಾಡಿದ್ದು. ಅದು ಎಷ್ಟು ಗಟ್ಟಿ ಅಂದರೆ ಚಮಚ ಬಾಗುತ್ತದೆ, ಕೈ ನೋಯುತ್ತದೆ.

ಫಿನ್ಲೆಂಡಿನಲ್ಲಿ ಇದು ನಡೆಯುವುದು ಈಸ್ಟರ್ ಹತ್ತಿರ ಬಂದಾಗ. ಪುಟ್ಟ ಮಾಟಗಾತಿಯರು ತಲೆಗೆ ವಸ್ತ್ರ ಸುತ್ತಿ, ಕೆನ್ನೆಗೆ ಚುಕ್ಕಿ ಇಟ್ಟುಕೊಂಡು ಬರುತ್ತಾರೆ. ಕೈಯಲ್ಲಿ ಬಣ್ಣದ ಗರಿ ಕಟ್ಟಿದ ವಿಲ್ಲೋ ಮರದ ಎಳೆ ಟೊಂಗೆ. ಬಾಗಿಲು ತೆರೆದವರ ಕಡೆ ಅದನ್ನು ಬೀಸುತ್ತಾ, ಬರುವ ವರ್ಷವೆಲ್ಲ ಆರೋಗ್ಯವಾಗಿರಿ ಎಂದು ಹರಸುತ್ತಾರೆ. ಆಮೇಲೆ ಮಕ್ಕಳ ಲೆಕ್ಕಾಚಾರ: 'ವಿತ್ಸಾ ಸುಲ್ಲೆ, ಪಾಲ್ಕಾ ಮುಲ್ಲೆ.' ಟೊಂಗೆ ನಿಂಗೆ, ಕೂಲಿ ನಂಗೆ!